ಸ್ಟೇನ್‌ಲೆಸ್ ಸ್ಟೀಲಿಗೆ ಹಗುರ ಕೈ ಆಗುವುದಿಲ್ಲ

ಅಕ್ಕ ಎದ್ದು ನಿಂತರೆ ಮನೆಯಲ್ಲಿ ಎಲ್ಲರಿಗೂ ಕೇಳುತ್ತಿತ್ತು. ತೀರಾ ಚಿಕ್ಕವಳಿದ್ದಾಗ ಪೋಲಿಯೋ ಬಂದು ಅವಳ ಬಲಗಾಲು ಸೋತುಹೋಯಿತು. ಅಂದಿನಿಂದ ಕ್ಯಾಲಿಪರ್ ಕಟ್ಟಿಕೊಂಡೇ ಓಡಾಡಿದವಳು. ತೊಡೆಯಿಂದ ಪಾದದವರೆಗೆ ಕಾಲಿನ ಆಚೆ ಈಚೆ ಎರಡು ಉಕ್ಕಿನ ಪಟ್ಟಿ, ಚರ್ಮದ ಬೆಲ್ಟು, ಕೆಳಗೊಂದು ಬೂಟು. ಮೊಣಕಾಲಿನ ಹತ್ತಿರ ಆ ಪಟ್ಟಿಗಳಿಗೆ ಒಂದೊಂದು ಕೀಲು. ಕೂರುವಾಗ ಕೀಲು ಮಡಚಬೇಕು, ನಿಂತಾಗ ಮಡಚಬಾರದು. ಅದಕ್ಕೆಂದೇ ಕೀಲಿನ ಮೇಲೊಂದು ಉಕ್ಕಿನ ಬಳೆ ಇರುತ್ತದೆ. ಕಾಲು ಪೂರ್ತಿ ನೆಟ್ಟಗಾಯಿತೋ, ಬಳೆ ಕೆಳಗೆ ಜಾರಿ ಕೀಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಗ ಟಕ್ ಎಂದು ಸದ್ದಾಗುತ್ತದೆ. ಟಕ್ ಕೇಳಿತೆಂದರೆ ಅಕ್ಕ ನಿಂತಳು ಎಂದರ್ಥ, ಇನ್ನು ಮನೆಯಲ್ಲಿ ಯಾರಿಗೋ ಬೈಗುಳ ಕಾದಿದೆ ಎಂದೂ ಅರ್ಥ.

ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಶಿರಸಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟವಳು. ಹೊಲಿದ ರವಿಕೆಗಳನ್ನು ಚೀಲಕ್ಕೆ ತುಂಬಿ ಹುಲೇಕಲ್ ಬಸ್ಸು ಹತ್ತಿ ತಾನೇ ಮನೆಮನೆಗೆ ಕೊಟ್ಟು ಬರುತ್ತಿದ್ದಳು. ಬಸ್ಸಿನ ಮೆಟ್ಟಿಲು ಹತ್ತುವಾಗ ಯಾರಾದರೂ ಪಾಪ ಎಂದು ರಟ್ಟೆ ಹಿಡಿದರೆ ಮುಗಿಯಿತು, ಹಿಡಿದವರ ಮುಖ ಬಾಡುವ ಹಾಗೆ ಮಾತಾಡುತ್ತಿದ್ದಳು. ಅವಳಿಗೆ ಆಗದ ಒಂದೇ ಒಂದು ಶಬ್ದವೆಂದರೆ ಸಾವಕಾಶ. ನಮ್ಮ ಕಡೆ ಆ ಶಬ್ದವಿಲ್ಲದೆ ಬೆಳಗಾಗುವುದಿಲ್ಲ. ಊಟ ಸಾವಕಾಶ ಮಾಡಿ, ಸಾವಕಾಶ ಹೋಗಿ ಬನ್ನಿ, ಮಾತು ಮುಗಿಯದಿದ್ದರೆ ಸಾವಕಾಶ ಸಿಗೋಣ. ಅಕ್ಕನಿಗಂತೂ ಚಿಕ್ಕಂದಿನಿಂದ ಊರಿಗೆ ಊರೇ ಅದನ್ನು ಹೇಳಿತ್ತು. ಅವಳು ಹೆಜ್ಜೆ ಎತ್ತುವ ಮೊದಲೇ ಹತ್ತು ಬಾಯಿ ಸಾವಕಾಶ ಎನ್ನುತ್ತಿದ್ದವು, ಮತ್ತು ಅವಳು ಬೇಕೆಂದೇ ಇನ್ನಷ್ಟು ಜೋರಾಗಿ ನಡೆಯುತ್ತಿದ್ದಳು.

ನಾನೋ, ಸಾವಕಾಶದಲ್ಲೇ ಅನ್ನ ತಿಂದವನು. ಊರ ಹೊರಗೆ ನನ್ನದೊಂದು ವರ್ಕ್‌ಶಾಪಿದೆ. ಒಂದು ಲೇಥು, ಒಂದು ವೆಲ್ಡಿಂಗ್ ಸೆಟ್ಟು, ಹುಬ್ಬಳ್ಳಿಯಲ್ಲಿ ಯಾರೋ ಬೇಡವೆಂದು ಬಿಟ್ಟ ಒಂದು ಮಿಲ್ಲಿಂಗ್ ಮಷಿನ್ನು. ಮಿಲ್ಲಿಂಗ್ ಎಂದರೆ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಹಲ್ಲುಗಳಿರುವ ಕಟ್ಟರ್ ನಿಂತಲ್ಲೇ ಗಿರ್ರನೆ ಸುತ್ತುತ್ತದೆ, ಕೆಳಗಿನ ಟೇಬಲ್ಲಿಗೆ ಬಿಗಿದ ಲೋಹವನ್ನು ನಾವು ಹ್ಯಾಂಡಲ್ ತಿರುಗಿಸುತ್ತ ಅದರ ಬಾಯಿಗೆ ಒಡ್ಡುತ್ತ ಹೋಗಬೇಕು. ಕಟ್ಟರ್ ಎಷ್ಟು ಜೋರು ಸುತ್ತಬೇಕು ಎನ್ನುವುದು ಸ್ಪೀಡು, ಲೋಹವನ್ನು ಎಷ್ಟು ಬೇಗ ಒಡ್ಡಬೇಕು ಎನ್ನುವುದು ಫೀಡು. ಈ ಎರಡನ್ನು ಕೂಡಿಸುವುದರಲ್ಲೇ ಇಡೀ ವಿದ್ಯೆ ಇದೆ. ಟೇಬಲ್ಲನ್ನು ತಾನೇ ಓಡಿಸುವ ಆಟೋ ಫೀಡಿನ ಗೇರು ನನ್ನ ಮಷಿನ್ನಿನಲ್ಲಿ ಬರುವಾಗಲೇ ಸತ್ತಿತ್ತು. ಹಾಗಾಗಿ ಫೀಡೆಲ್ಲ ನನ್ನ ಕೈಯದ್ದೇ.

ನನಗೆ ಕೆಲಸ ಕಲಿಸಿದ ಯಜಮಾನರು ಸಿದ್ದಾಪುರದವರು, ಈಗಿಲ್ಲ. ಹ್ಯಾಂಡಲ್ ಹಿಡಿದ ನನ್ನ ಕೈಮೇಲೆ ಒಂದು ಬೆರಳಿಟ್ಟು, ಸಾವಕಾಶ ಹೋಗೋ, ಮಾಲು ಎಲ್ಲಿಗೂ ಓಡಿಹೋಗ್ತಿಲ್ಲೆ ಎನ್ನುತ್ತಿದ್ದರು. ಅದನ್ನೇ ಗಟ್ಟಿ ಹಿಡಿದುಕೊಂಡೆ. ಅಲ್ಯುಮಿನಿಯಮ್ಮಿಗೆ ಕಟ್ಟರ್ ಜೋರಾಗಿ ಓಡಬೇಕು, ಸ್ವಲ್ಪ ಸೀಮೆಎಣ್ಣೆ ಹಾಕಬೇಕು, ಇಲ್ಲವಾದರೆ ಹಲ್ಲಿಗೆ ಅಂಟಿಕೊಂಡು ರಗಳೆ ಮಾಡುತ್ತದೆ. ಹಿತ್ತಾಳೆಗೂ ಜೋರೇ, ಆದರೆ ಎಣ್ಣೆ ಹಾಕದೆ ಕೊಯ್ಯಬೇಕು, ಚೂರುಗಳು ಮರಳಿನ ಹಾಗೆ ಮುಖಕ್ಕೆ ರಾಚುತ್ತವೆ. ಬೀಡುಕಬ್ಬಿಣಕ್ಕೆ ನಿಧಾನ, ಮೂಗಿನ ತುಂಬ ಕರಿ ಪುಡಿ. ಅಡಿಕೆ ಸುಲಿಯುವ ಮಷಿನ್ನಿಗೆ, ಪಂಪಿಗೆ ಬೇಕಾದ ಸಾದಾ ಉಕ್ಕು ಎಲ್ಲಕ್ಕಿಂತ ಸಂಭಾವಿತ, ನಡುವಿನ ಸ್ಪೀಡಿನಲ್ಲಿ ಹೇಗೆ ಕರೆದರೂ ಬರುತ್ತದೆ. ಇವೆಲ್ಲದರಲ್ಲೂ ಕೈ ಸ್ವಲ್ಪ ಹಗುರಾಯಿತು ಎಂದರೆ ಕೆಲಸ ತಡವಾಗುತ್ತದೆ, ಕೆಡುವುದಿಲ್ಲ. ಯಲ್ಲಾಪುರದವರೆಗೆ ನನ್ನದು ಒಳ್ಳೇ ಕೈ ಎಂದು ಹೆಸರಾದದ್ದು ಹೀಗೆ.

ಕಳೆದ ಮಳೆಗಾಲ ಹಿಡಿಯುವ ಹೊತ್ತಿಗೆ ಅಕ್ಕನ ಕ್ಯಾಲಿಪರಿನ ಹೊರಗಿನ ಕೀಲು ಸೀಳಿತು. ಬಸ್ ಸ್ಟ್ಯಾಂಡಿನಲ್ಲಿ. ಬಿದ್ದದ್ದಕ್ಕೆ ಅವಳಿಗೆ ಹೆಚ್ಚೇನೂ ಪೆಟ್ಟಾಗಲಿಲ್ಲ, ನಾಲ್ಕು ಜನ ಎತ್ತಿ ಆಟೋದಲ್ಲಿ ಕೂರಿಸಿದ್ದಕ್ಕೇ ಸಿಟ್ಟು. ಕೀಲಿನಲ್ಲಿ ಒಂದು ಕವಲು, ಆ ಕವಲಿನ ಸಂದಿಯಲ್ಲಿ ಮಡಚಿಕೊಳ್ಳುವ ಒಂದು ನಾಲಿಗೆ. ಒಡೆದದ್ದು ಕವಲು. ನಾನು ವೆಲ್ಡ್ ಮಾಡಿಕೊಟ್ಟೆ, ಎರಡು ದಿನಕ್ಕೆ ಮತ್ತೆ ಬಿಟ್ಟಿತು. ಮೊದಲು ಕ್ಯಾಲಿಪರ್ ಮಾಡಿಕೊಟ್ಟವರಿಗೆ ಫೋನ್ ಹಚ್ಚಿದರೆ ಆ ಮಾದರಿ ನಿಲ್ಲಿಸಿ ಎಷ್ಟೋ ಕಾಲವಾಯಿತು, ಈಗೆಲ್ಲ ಪ್ಲಾಸ್ಟಿಕ್ಕಿನದು ಎಂದರು. ಪ್ಲಾಸ್ಟಿಕ್ಕಿನದನ್ನೂ ಹೋಗಿ ಅಳತೆ ಕೊಟ್ಟು ಮಾಡಿಸಿ ತಂದೆವು. ಅದು ಅವಳ ಸಣಕಲು ತೊಡೆಯ ಚರ್ಮ ಕಿತ್ತು ಹುಣ್ಣು ಮಾಡಿತು. ಅದನ್ನು ತೆಗೆದು ಅಟ್ಟಕ್ಕೆ ಎಸೆಯಿರಿ ಎಂದಳು.

ಹುಣ್ಣಿಗೆ ಔಷಧಿ ಕೊಟ್ಟ ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದ್ದು ಬೇರೆಯೇ. ಈ ವಯಸ್ಸಿನಲ್ಲಿ ಸುಮ್ಮನೆ ಕೂತುಬಿಟ್ಟರೆ ಮೊಣಕಾಲು ಮಡಚಿದಲ್ಲೇ ಗಟ್ಟಿಯಾಗುತ್ತದೆ, ಆಮೇಲೆ ಯಾವ ಕ್ಯಾಲಿಪರೂ ಉಪಯೋಗಕ್ಕೆ ಬರುವುದಿಲ್ಲ. ದಿನಾ ಬೆಳಗ್ಗೆ ಹಿಮ್ಮಡಿಯನ್ನು ಸ್ಟೂಲಿನ ಮೇಲಿಡಿಸಿ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಬೇಕು, ಸ್ವಲ್ಪ ನೋಯುವಷ್ಟು ಒತ್ತಬೇಕು, ಬಿಡಬಾರದು. ಮಾಡುತ್ತೇನೆ ಎಂದೆ. ಮರುದಿನದಿಂದ ಮಾಡಿದೆ ಕೂಡ. ಅಕ್ಕ ಹುಬ್ಬು ಗಂಟಿಕ್ಕಿದ ಕೂಡಲೇ ಕೈ ಎತ್ತುತ್ತಿದ್ದೆ.

ಯಾರೋ ಪುಣ್ಯಾತ್ಮರು ಗಾಲಿಕುರ್ಚಿ ತಂದುಕೊಟ್ಟರು. ಅಕ್ಕ ಅದರ ಮೇಲೆ ಒದ್ದೆ ಬಟ್ಟೆ ಹರವಿದಳು. ಉಪಾಯವಿಲ್ಲದೆ ಹಳೆಯ ಮರದ ಕುರ್ಚಿಯಲ್ಲೇ ಕೂತು, ಅಲ್ಲಿಂದಲೇ ಹೊಲಿಯುತ್ತ, ಅಲ್ಲಿಂದಲೇ ಬೈಯುತ್ತ ದಿನ ತೆಗೆದಳು. ಒಂದು ಮಧ್ಯಾಹ್ನ ಊಟಕ್ಕೆ ಹೋದಾಗ ಬಟ್ಟೆಯಿಂದ ಕಣ್ಣೆತ್ತದೆ ಹೇಳಿದಳು:

"ಆ ಗಾಲಿ ಕುರ್ಚಿಲಿ ಕೂತ್ರೆ ಆನು ಮತ್ತೆ ಏಳ್ತ್ನಿಲ್ಲೆ, ತಮಾ. ನಿಂಗೆ ಆಗ್ತು ಹೇಳಾದ್ರೆ ಕೀಲು ಮಾಡಿಕೊಡು. ಆಗ್ತಿಲ್ಲೆ ಹೇಳಾದ್ರೆ ಈಗ್ಲೇ ಹೇಳಿಬಿಡು."

ಆಗುತ್ತದೆ ಎಂದೆ. ಹಾಗೆ ಕೇಳಿದರೆ ಯಾವ ತಮ್ಮ ಆಗುವುದಿಲ್ಲ ಎನ್ನುತ್ತಾನೆ? ಹುಬ್ಬಳ್ಳಿಯ ದೊಡ್ಡ ಶಾಪುಗಳಲ್ಲೂ ವಿಚಾರಿಸಿದ್ದೆ. ಒಂದೇ ಒಂದು ಪೀಸಿಗೆ ಮಷಿನ್ ಬಿಡುವು ಮಾಡಲಿಕ್ಕೆ ಆಗುವುದಿಲ್ಲ, ನೂರು ಇದ್ದರೆ ತನ್ನಿ ಎಂದಿದ್ದರು. ನೂರು ಅಕ್ಕಂದಿರನ್ನು ಎಲ್ಲಿಂದ ತರಲಿ ಎಂದು ಫೋನ್ ಕುಕ್ಕಿದ್ದೆ.

ಸಾದಾ ಉಕ್ಕಿನಲ್ಲಿ ಒಂದೇ ಮಧ್ಯಾಹ್ನದಲ್ಲಿ ಕವಲು ಮಾಡಿದೆ. ನೋಡಲಿಕ್ಕೆ ಬಲು ಚೆಂದ. ವೈಸಿನ ದವಡೆಗೆ ಬಿಗಿದು ನನ್ನ ಮೈಭಾರ ಬಿಟ್ಟು ಜಗ್ಗಿದೆ, ಸೊಟ್ಟಗಾಯಿತು. ದಪ್ಪ ಮಾಡೋಣವೆಂದರೆ ಬಳೆ ಏರುವುದಿಲ್ಲ. ಹಳೆಯದು ಸ್ಟೇನ್‌ಲೆಸ್ ಸ್ಟೀಲಿನದು, ಹೊಸದೂ ಅದರದ್ದೇ ಆಗಬೇಕು. ಸ್ಟೇನ್‌ಲೆಸ್ಸಿನ ದಪ್ಪ ಪಟ್ಟಿ ಹುಡುಕಿಕೊಟ್ಟವರು ಯಲ್ಲಾಪುರದಲ್ಲಿ ಗುಜರಿ ಅಂಗಡಿ ಇಟ್ಟ ಭಾಯಿ. ನನಗಿಂತ ಎರಡು ವರ್ಷ ದೊಡ್ಡವರಾದರೂ ನನ್ನನ್ನು ಅಣ್ಣಾ ಎಂದೇ ಕರೆಯುವ ಹಳೇ ದೋಸ್ತಿ. ಅಂಗಡಿ ಜೊತೆಗೆ ಅವರದ್ದೊಂದು ಗೂಡ್ಸ್ ಗಾಡಿಯೂ ಇದೆ. ಯಾವ ಲೋಹ ಕೈಗೆ ಬಂದರೂ ಮೊದಲು ಅಯಸ್ಕಾಂತ ಹಿಡಿದು ನೋಡುವುದು ಅವರ ಚಾಳಿ, ಅಂಗಿಯ ಜೇಬಿನಲ್ಲಿ ಅದೊಂದು ಯಾವಾಗಲೂ ಇರುತ್ತದೆ. ಒಳ್ಳೇ ಸ್ಟೇನ್‌ಲೆಸ್ಸಿಗೆ ಅಯಸ್ಕಾಂತ ಅಂಟುವುದಿಲ್ಲ. ಈ ಪಟ್ಟಿಗೆ ಎಲ್ಲೂ ಅಂಟಲಿಲ್ಲ. ಅಕ್ಕನಿಗೆ ಎಂದು ತಿಳಿದ ಮೇಲೆ ದುಡ್ಡಿನ ಮಾತೇ ಆಡಬೇಡಿ ಎಂದು ನನ್ನ ಚೀಲಕ್ಕೆ ತುರುಕಿದರು.

ಈಗ ಸ್ಟೇನ್‌ಲೆಸ್ಸಿನ ಸ್ವಭಾವ ಹೇಳಬೇಕು. ಅದಕ್ಕೆ ಸ್ಪೀಡು ಕಡಿಮೆ ಬೇಕು, ಕೂಲೆಂಟ್ ನೀರು ಹೊಳೆಯ ಹಾಗೆ ಹರಿಯಬೇಕು, ಆದರೆ ಫೀಡು ಮಾತ್ರ ಗಟ್ಟಿಯಾಗಿಯೇ ಕೊಡಬೇಕು. ಕಟ್ಟರಿನ ಹಲ್ಲು ಪ್ರತಿ ಸುತ್ತಿನಲ್ಲೂ ಒಂದಿಷ್ಟು ಮಾಲನ್ನು ಕಚ್ಚಿ ಎತ್ತಲೇಬೇಕು. ಹೆದರಿ ಹಗುರ ಒಡ್ಡಿದಿರೋ, ಹಲ್ಲು ಕಚ್ಚುವುದಿಲ್ಲ, ಬರೀ ತಿಕ್ಕುತ್ತದೆ. ತಿಕ್ಕಿದಲ್ಲಿ ಮೇಲ್ಮೈ ಗಡುಸಾಗುತ್ತದೆ. ಗಡುಸಾದ ಮೇಲೆ ಹಲ್ಲು ಇನ್ನೂ ಕಚ್ಚುವುದಿಲ್ಲ, ನೀವು ಇನ್ನೂ ಹೆದರುತ್ತೀರಿ, ಅದು ಇನ್ನೂ ಗಡುಸಾಗುತ್ತದೆ. ಇದನ್ನು ಐಟಿಐಯಲ್ಲೇ ಓದಿದ್ದೆ. ಗೋಡೆಯ ಮೇಲಿನ ಚಾರ್ಟಿನಲ್ಲೂ ಇದೆ. ಗೊತ್ತಿಲ್ಲದೆ ಮಾಡಿದ್ದಾಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಗೊತ್ತಿತ್ತು, ಆದರೆ ಕೈ ಕೇಳಲಿಲ್ಲ. ಕವಲಿನ ಸಂದಿ ಇಕ್ಕಟ್ಟು, ಅದಕ್ಕೆ ಬೇಕಾದದ್ದು ಪೆನ್ಸಿಲ್ಲಿನಷ್ಟು ಸಪೂರ ಕಟ್ಟರ್. ಮಷಿನ್ನಿನ ಬೆಲ್ಟನ್ನು ನಿಧಾನ ಸುತ್ತುವ ಪುಲ್ಲಿ ಚಕ್ರಕ್ಕೆ ಹಾಕಿದೆ, ನೀರು ಬಿಟ್ಟೆ, ಗಟ್ಟಿ ಹೋಗಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಕಟ್ಟರ್ ತಾಗಿದ ಕೂಡಲೇ ಮಷಿನ್ ನರಳಿತು. ಆ ಸದ್ದಿಗೆ ನನಗೆ ಬಸ್ ಸ್ಟ್ಯಾಂಡಿನಲ್ಲಿ ಬಿದ್ದ ಅಕ್ಕನ ನೆನಪಾಯಿತೋ, ಸಪೂರ ಕಟ್ಟರಿನ ಮೇಲೆ ಕನಿಕರವೋ, ಕೈ ತನ್ನಷ್ಟಕ್ಕೆ ಸಡಿಲಾಯಿತು. ಅಷ್ಟು ವರ್ಷದ ಸಾವಕಾಶ ಅದರಲ್ಲಿ ಕೂತಿದೆ. ಕಟ್ಟರ್ ಕೀರಲು ದನಿ ಹೊರಡಿಸಿತು, ಸಂದಿಯ ತಳ ಕನ್ನಡಿಯ ಹಾಗೆ ಹೊಳೆಯಿತು, ಕಟ್ಟರ್ ಮುರಿಯಿತು. ಹುಬ್ಬಳ್ಳಿಯಿಂದ ಇನ್ನೆರಡು ತರಿಸಿದೆ. ಅದರಲ್ಲಿ ಒಂದಕ್ಕೂ ಅದೇ ಗತಿ. ಎರಡು ಸಲದ ನಡುವೆ ಕರೆಂಟಿಲ್ಲದ ದಿನಗಳು, ಗಾಡಿ ತಡವಾದ ದಿನಗಳು. ಅಕ್ಕ ದಿನಾ ಸಂಜೆ ಕುರ್ಚಿಯಿಂದಲೇ ನನ್ನ ಮುಖ ನೋಡುತ್ತಿದ್ದಳು. ನಾಳೆ ಎನ್ನುತ್ತಿದ್ದೆ. ಹೆಂಡತಿಯ ಮೇಲೆ, ಕರೆಂಟಿನವರ ಮೇಲೆ, ಕಂಡ ಕಂಡವರ ಮೇಲೆಲ್ಲ ರೇಗುತ್ತಿದ್ದೆ.

ಭಾಯಿ ಒಂದು ದಿನ ಗಾಡಿ ತಗೊಂಡು ಶಿರಸಿಗೆ ಬಂದವರು ವರ್ಕ್‌ಶಾಪಿಗೂ ಬಂದರು. ಹಾಳಾದ ಪೀಸುಗಳನ್ನು ಕೈಯಲ್ಲಿ ತಿರುವಿ ನೋಡಿ, ಅಭ್ಯಾಸಬಲದಿಂದ ಜೇಬಿನ ಅಯಸ್ಕಾಂತ ತೆಗೆದು ಹಿಡಿದರು. ಪಟ್ಟಿಯ ಉಳಿದ ಕಡೆ ಎಲ್ಲೂ ಅಂಟಲಿಲ್ಲ. ನಾನು ಕೊಯ್ದ ಸಂದಿಯ ಹತ್ತಿರ ಬಂದಾಗ ಮೆಲ್ಲಗೆ ಎಳೆದ ಹಾಗಾಗಿ ಅಲ್ಲೇ ಹಿಡಿದುಕೊಂಡಿತು. ತಿಕ್ಕಿಸಿಕೊಂಡು ಗಡುಸಾದ ಸ್ಟೇನ್‌ಲೆಸ್ಸಿಗೆ ಹಾಗೊಂದು ಗುಣ ಬರುತ್ತದೆ. ಭಾಯಿ ಅಯಸ್ಕಾಂತವನ್ನು ಕಿತ್ತು ಜೇಬಿಗಿಟ್ಟರು.

"ನೀವು ಇದನ್ನ ಕೊಯ್ದಿಲ್ಲ ಅಣ್ಣಾ," ಎಂದರು, "ಸವರಿದೀರಿ."

ನನಗೆ ಅಳು ಬಂತು. ಸುಳ್ಳೇಕೆ ಹೇಳಲಿ, ಅತ್ತುಬಿಟ್ಟೆ. ಕಲಿತದ್ದೆಲ್ಲ ನೀರಿನಲ್ಲಿ ಹೋಮವಾಯಿತು ಎಂದೆ. ಉಳಿದದ್ದು ಒಂದೇ ತುಂಡು ಪಟ್ಟಿ, ಒಂದೇ ಕಟ್ಟರ್. ಇನ್ನು ಅದನ್ನು ಮುಟ್ಟಲಿಕ್ಕೆ ಧೈರ್ಯವಿಲ್ಲ ಎಂದೆ. ಭಾಯಿ ಎದ್ದು ಹೋದರು. ಚಾ ಕುಡಿಯಲಿಕ್ಕೆ ಹೋದರೆಂದುಕೊಂಡರೆ, ಗಾಡಿಯ ಮುಂದಿನ ಸೀಟಿನಲ್ಲಿ ಅಕ್ಕನನ್ನೇ ಕೂರಿಸಿಕೊಂಡು ಬಂದಿದ್ದರು. ಅವರು ಕರೆದದ್ದೋ, ಅವಳೇ ಹೊರಟದ್ದೋ, ಇಬ್ಬರೂ ಈವರೆಗೆ ಬಾಯಿ ಬಿಟ್ಟಿಲ್ಲ. ಅವರೂ ನಾನೂ ಹಿಡಿದು ಅವಳನ್ನು ಮಷಿನ್ನಿನ ಪಕ್ಕದ ಸ್ಟೂಲಿನಲ್ಲಿ ಕೂರಿಸಿದೆವು. ಹಿಡಿದದ್ದಕ್ಕೆ ಅವಳು ಬೈಯಲಿಲ್ಲ. ಅದು ನನಗೆ ಚುಚ್ಚಿತು.

ಒಂದು ಸಾದಾ ಉಕ್ಕಿನ ತುಂಡು ಹಾಕಿ ಕೊಯ್ದು ತೋರಿಸು ಎಂದಳು. ತೋರಿಸಿದೆ. ಸ್ಟೇನ್‌ಲೆಸ್ಸಿಗೆ ಇಷ್ಟೇ ಸ್ಪೀಡು, ಇಷ್ಟು ನೀರು, ಆದರೆ ನಡುವೆ ನಿಲ್ಲಬಾರದು, ಹಗುರ ಮಾಡಬಾರದು, ಎಂಥ ಸದ್ದು ಬಂದರೂ ಒಂದೇ ಸಮ ಹೋಗುತ್ತಲೇ ಇರಬೇಕು ಎಂದು ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಬಾಯಿಪಾಠ ಸರಿಯಾಗಿಯೇ ಇತ್ತಲ್ಲ.

"ನಿಂಗೆ ಇಷ್ಟೆಲ್ಲ ಗೊತ್ತಿದ್ದು," ಎಂದಳು ಅಕ್ಕ. "ಮತ್ತೆಂತಕ್ಕೆ ಕೈ ನಿಲ್ಸ್ತೆ?"

ಗೊತ್ತಿಲ್ಲೆ ಅಕ್ಕಾ ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು, ಆ ಹ್ಯಾಂಡಲ್ ಎನ್ನ ಕೈಲಿ ಕೊಡು ಎಂದಳು.

ಜೀವಮಾನವಿಡೀ ಮೈಭಾರವನ್ನೆಲ್ಲ ಕಂಬದ ಮೇಲೆ, ಕಟ್ಟೆಯ ಮೇಲೆ, ಬಸ್ಸಿನ ಸರಳಿನ ಮೇಲೆ ಹಾಕಿ ಎಳೆದ ರಟ್ಟೆ ಅವಳದ್ದು, ನನ್ನ ಎರಡರಷ್ಟು ಗಟ್ಟಿ. ಹೊಲಿಗೆ ಮಷಿನ್ನಿನ ಚಕ್ರ ತಿರುಗಿಸಿ ಕೈಗೆ ಹದವೂ ಗೊತ್ತು. ಮೊದಲು ಸಾದಾ ಉಕ್ಕಿನಲ್ಲಿ ನಾಲ್ಕಾರು ಸಲ ತಿರುಗಿಸಿ ನೋಡಿದಳು. ಆಮೇಲೆ ನಾನು ಕೊನೆಯ ತುಂಡನ್ನು ಬಿಗಿದೆ, ಆಳ ಇಟ್ಟುಕೊಟ್ಟೆ, ನೀರು ಬಿಟ್ಟೆ. ಅಕ್ಕ ಒಡ್ಡಿದಳು. ಮಷಿನ್ ಮೊದಲಿನ ಹಾಗೇ ನರಳಿತು, ಟೇಬಲ್ ಅದುರಿತು. ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು, ಸಾವಕಾಶ ಎಂದು. ಬಾಯಿ ಮುಚ್ಚು ಎಂದಳು, ಕೈ ನಿಲ್ಲಿಸದೆ. ಕೀರಲು ದನಿ ಬರಲಿಲ್ಲ. ಕಟ್ಟರಿನ ಬಾಯಿಂದ ದಪ್ಪ ದಪ್ಪ ಚೂರು ಒಂದೇ ಸಮ ಉದುರತೊಡಗಿತು. ಭಾಯಿ ಉಸಿರು ಬಿಟ್ಟದ್ದು ನನಗೆ ಕೇಳಿತು. ಪ್ರತಿ ಸಲ ನಾನು ಆಳ ಹೆಚ್ಚಿಸಿಕೊಟ್ಟೆ, ಪ್ರತಿ ಸಲ ಅವಳು ಆ ತುದಿಯಿಂದ ಈ ತುದಿಗೆ ನಿಲ್ಲದೆ ಒಯ್ದಳು. ಸಂದಿ ಮುಗಿದಾಗ ಭಾಯಿ ಅಯಸ್ಕಾಂತ ಹಿಡಿದರು. ಅದು ಸುಮ್ಮನೆ ಜಾರಿತು.

ಮರುದಿನ ತೂತು ಕೊರೆದು, ಅರ ಹಾಕಿ, ನಾಲಿಗೆ ಸೇರಿಸಿ, ಪಿನ್ನು ಬಡಿದೆ. ಮೇಜಿನ ಮೇಲಿಟ್ಟು ಪಟ್ಟಿಯನ್ನು ನೆಟ್ಟಗೆ ಮಾಡಿ ಹಳೆಯ ಬಳೆ ಬಿಟ್ಟೆ. ಟಕ್ ಎಂದಿತು. ನನ್ನ ಇಡೀ ಕಸುಬಿನಲ್ಲಿ ಅಷ್ಟು ಒಳ್ಳೆಯ ಸದ್ದು ಕೇಳಿರಲಿಲ್ಲ. ಮನೆಗೆ ಓಡಿದೆ ಎಂದೇ ಹೇಳಬೇಕು, ಈ ವಯಸ್ಸಿನಲ್ಲಿ.

ಅಕ್ಕ ತಾನೇ ಬೆಲ್ಟು ಕಟ್ಟಿಕೊಂಡಳು. ಕುರ್ಚಿಯ ಕೈ ಹಿಡಿದು ಎಡಗಾಲಿನ ಮೇಲೆ ಎದ್ದಳು, ಬಲಗಾಲನ್ನು ಯಾವತ್ತಿನ ಹಾಗೆ ಮುಂದಕ್ಕೆ ಒಗೆದಳು. ಬಳೆ ಬೀಳಲಿಲ್ಲ. ನಾನು ಬಗ್ಗಿ ಕೀಲಿನಲ್ಲಿ ಏನಾದರೂ ಸಿಕ್ಕಿದೆಯೋ ನೋಡಿದೆ, ಎಣ್ಣೆ ಬಿಟ್ಟೆ. ಇನ್ನೊಮ್ಮೆ ಒಗೆದಳು. ಕೀಲಿನದ್ದೇನೂ ತಪ್ಪಿರಲಿಲ್ಲ. ಮೊಣಕಾಲು ನೆಟ್ಟಗಾಗುತ್ತಿರಲಿಲ್ಲ. ಒಂದು ಹಂತಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿತ್ತು, ಬಳೆ ಕೀಲಿನ ಮೇಲಂಚಿಗೆ ತಾಗಿ ಅಲ್ಲೇ ಉಳಿಯುತ್ತಿತ್ತು. ಒಂದು ಬೆರಳಿನಷ್ಟು ಅಂತರ, ಹೆಚ್ಚಿಲ್ಲ. ಅಕ್ಕ ಮತ್ತೆ ಕುರ್ಚಿಯಲ್ಲಿ ಕೂತಳು. ಯಾರಿಗೂ ಬೈಯಲಿಲ್ಲ.

ಮತ್ತೆ ಕರೆದೊಯ್ದಾಗ ಡಾಕ್ಟರು ಕಾಲನ್ನು ಹಿಡಿದು ಬಗ್ಗಿಸಿ ನೋಡಿ, ಗಟ್ಟಿಯಾಗಿದೆಯಲ್ಲ, ದಿನಾ ಒತ್ತಲಿಲ್ಲವೇ ಎಂದು ಕೇಳಿದರು. ಒತ್ತಿದ್ದ, ಒಂದು ದಿನವೂ ತಪ್ಪಿಸಿರಲಿಲ್ಲ ಎಂದು ಅಕ್ಕನೇ ಉತ್ತರ ಕೊಟ್ಟಳು. ಅದು ಸುಳ್ಳಲ್ಲ. ಡಾಕ್ಟರು ತಲೆಯಾಡಿಸಿ, ಇನ್ನು ಮುಂದೆ ಗಟ್ಟಿಯಾಗಿ ಒತ್ತಿ ನೋಡಿ, ಸಡಿಲಾದರೆ ಆಗಬಹುದು, ಈ ವಯಸ್ಸಿನಲ್ಲಿ ಹೇಳಲಿಕ್ಕಾಗುವುದಿಲ್ಲ ಎಂದರು. ಗಾಡಿಯಲ್ಲಿ ವಾಪಸು ಬರುವಾಗ ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಈಗಲೂ ಬೆಳಗ್ಗೆ ಆಸರಿಗೆ ಚಾ ಕುಡಿದಾದ ಮೇಲೆ ಅಕ್ಕ ಕ್ಯಾಲಿಪರ್ ಕಟ್ಟಿಕೊಂಡು ಹಿಮ್ಮಡಿಯನ್ನು ಸ್ಟೂಲಿನ ಮೇಲಿಡುತ್ತಾಳೆ. ನಾನು ಮೊಣಕಾಲಿನ ಮೇಲೆ ಅಂಗೈ ಇಡುತ್ತೇನೆ. ಕೈಗೆ ಸಿಗುವುದು ಬರೀ ಎಲುಬು, ತೆಳ್ಳಗಿನ ಚರ್ಮ. ಅವಳ ಮುಖ ನೋಡಿದರೆ ಆಗುವುದಿಲ್ಲವೆಂದು ಗೋಡೆ ನೋಡುತ್ತ ಒತ್ತುತ್ತೇನೆ. ಉಸಿರು ಹಿಡಿದದ್ದು ಕೇಳುತ್ತದೆ. ಅಷ್ಟಕ್ಕೇ ಕೈ ಹಗುರಾಗುತ್ತದೆ. ಎಷ್ಟು ಬೈದುಕೊಂಡರೂ ಅದಕ್ಕೆ ಬುದ್ಧಿ ಬರುವುದಿಲ್ಲ. ಆಗ ಅವಳು ನನ್ನ ಕೈಯ ಮೇಲೆ ತನ್ನ ಕೈಯಿಟ್ಟು, ಅಂದು ಹ್ಯಾಂಡಲ್ ಹಿಡಿದ ಹಾಗೇ, ನಿಲ್ಲಿಸದೆ ಒತ್ತುತ್ತಾಳೆ. ಅವಳ ತುಟಿ ಬೆಳ್ಳಗಾಗುತ್ತದೆ. ಇಬ್ಬರೂ ಬಳೆಯನ್ನೇ ನೋಡುತ್ತೇವೆ. ಬಳೆ ಕೀಲಿನ ಅಂಚಿನವರೆಗೆ ಬಂದು ಕೂತಿರುತ್ತದೆ.

ನಿನ್ನೆ ನಾನು ಕೈ ಕೊಸರಿಕೊಂಡು, ಎನ್ನ ಕೈಲಿ ಆಗ್ತಿಲ್ಲೆ ಅಕ್ಕಾ ಎಂದುಬಿಟ್ಟೆ. ಬೈಯುತ್ತಾಳೆಂದು ಕಾದೆ. ಅವಳು ಬೆಲ್ಟು ಬಿಚ್ಚಿ, ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಸ್ಟೂಲಿನಿಂದ ಕೆಳಗಿಟ್ಟಳು. ಆಮೇಲೆ ನನ್ನ ಬೆನ್ನು ಸವರಿದಳು.

"ಇರ್ಲಿ ಬಿಡು ತಮಾ," ಎಂದಳು. "ಸಾವಕಾಶ ಆಗ್ತು."

ಅವಳ ಬಾಯಲ್ಲಿ ಆ ಶಬ್ದವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.